ದಾವಣಗೆರೆಯಲ್ಲಿ ಬೆಕ್ಕು ಸಾಕುವವರಿಗೆ: ದಿನದ ತಪಾಸಣೆಯಿಂದ ಡಾಕ್ಟರ ಬಳಿ ಒಯ್ಯುವವರೆಗೆ

ನಮ್ಮ ಗಂಡು ಬೆಕ್ಕು ಕರಿಯ ಅಂದು ಮರಳಿನ ಟ್ರೇಯಲ್ಲಿ ಕೂತು ತಿಣುಕುತ್ತಿದ್ದ. ಬೆನ್ನು ಬಾಗಿತ್ತು, ಬಾಲದ ತುದಿ ನಡುಗುತ್ತಿತ್ತು. ಎದ್ದು ಎರಡು ಹೆಜ್ಜೆ ಹೋದ, ತಿರುಗಿ ಬಂದು ಮತ್ತೆ ಕೂತ. ಅವನು ಎದ್ದ ಮೇಲೆ ನೋಡಿದರೆ ಮರಳು ಒಣಗೇ ಇತ್ತು. ಮಲ ಕಟ್ಟಿರಬೇಕು ಅಂದುಕೊಂಡು ಒಂದು ಚಮಚ ತುಪ್ಪ ನೆಕ್ಕಿಸಿ ನಾನು ನನ್ನ ಕೆಲಸಕ್ಕೆ ಹೋದೆ. ಮಾರನೇ ದಿನ ಮಧ್ಯಾಹ್ನ ಬಚ್ಚಲುಮನೆಯ ತಣ್ಣನೆ ನೆಲದ ಮೇಲೆ ಮಲಗಿದವನು ಕರೆದರೂ ಏಳಲಿಲ್ಲ. ಕೆಳಹೊಟ್ಟೆ ಮುಟ್ಟಿದರೆ ನಿಂಬೆಹಣ್ಣಿಗಿಂತ ದೊಡ್ಡ, ಕಲ್ಲಿನಷ್ಟು ಗಟ್ಟಿ ಉಂಡೆ ಕೈಗೆ ಸಿಕ್ಕಿತು. ಕಟ್ಟಿದ್ದು ಮಲ ಅಲ್ಲ, ಉಚ್ಚೆ. ಡಾಕ್ಟರು ನಳಿಕೆ ಹಾಕಿ ಉಚ್ಚೆ ತೆಗೆದರು, ಸಲೈನ್ ಹಚ್ಚಿದರು. ಅಷ್ಟರಲ್ಲಿ ವಿಷವೆಲ್ಲ ರಕ್ತಕ್ಕೆ ಸೇರಿ ಎದೆಬಡಿತ ನಿಧಾನವಾಗಿತ್ತು. ಆ ರಾತ್ರಿ ದಾಟಲಿಲ್ಲ.

ಹಿಂದಿನ ದಿನವೇ ಕರೆದುಕೊಂಡು ಹೋಗಿದ್ದರೆ ಬದುಕುವ ಸಾಧ್ಯತೆ ಚೆನ್ನಾಗಿಯೇ ಇತ್ತು. ಅದಕ್ಕೇ ಈ ಬರಹ. ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ನಾಯಿಯ ಹಾಗೆ ನರಳಿಕೊಂಡು ಕಾಲ ಬಳಿ ಬರುವುದಿಲ್ಲ, ಮಂಚದ ಕೆಳಗೆ ಸೇರಿಕೊಂಡು ಸುಮ್ಮನಾಗುತ್ತದೆ. "ಬೆಕ್ಕಿಗೆ ಯಾರಾದ್ರೂ ಆಸ್ಪತ್ರಿ ತೋರಿಸ್ತಾರೇನ್ರೀ ಅಕ್ಕಾರ, ತಾನಾ ಹುಷಾರಾಗ್ತತಿ ಬಿಡ್ರಿ" ಅನ್ನುವ ಮಾತು ನಮ್ಮೂರಲ್ಲಿ ಇಂದಿಗೂ ಕೇಳುತ್ತದೆ. ತಾನಾಗಿ ಹುಷಾರಾದ ಬೆಕ್ಕು ನಮ್ಮ ಕಣ್ಣಿಗೆ ಬೀಳುತ್ತದೆ. ಆಗದೇ ಹೋದದ್ದು ಯಾವುದೋ ಹಿತ್ತಲಲ್ಲಿ ಸತ್ತಿರುತ್ತದೆ, ಅದು ಲೆಕ್ಕಕ್ಕೇ ಬರುವುದಿಲ್ಲ.

ಹೆಜ್ಜೆ 1: ಹುಷಾರಾಗಿರುವಾಗ ನಿಮ್ಮ ಬೆಕ್ಕು ಹೇಗಿರುತ್ತದೆ ಎಂದು ತಿಳಿದುಕೊಳ್ಳಿ

ದಿನಾ ಬೆಳಿಗ್ಗೆ ಎರಡು ಕಡೆ ಕಣ್ಣು ಹಾಯಿಸಿ: ಊಟದ ತಟ್ಟೆ, ಮರಳಿನ ಟ್ರೇ. ರಾತ್ರಿ ಹಾಕಿದ್ದು ಎಷ್ಟು ಖಾಲಿಯಾಗಿದೆ, ಉಚ್ಚೆ ತಾಗಿ ಗಟ್ಟಿಯಾದ ಮರಳಿನ ಉಂಡೆ ಎಷ್ಟಿವೆ, ಮಲ ಗಟ್ಟಿಯೋ ತೆಳುವೋ. ಎರಡು ನಿಮಿಷ ಸಾಕು. ಹೊರಗೆ ಹೋಗಿ ಬರುವ ಬೆಕ್ಕಾದರೂ ಮನೆಯಲ್ಲೊಂದು ಟ್ರೇ ಇಡಿ. ಇಲ್ಲದಿದ್ದರೆ ಉಚ್ಚೆ ನಿಂತಿದ್ದು ನಿಮಗೆ ಗೊತ್ತಾಗುವುದೇ ಇಲ್ಲ.

ವಾರಕ್ಕೊಮ್ಮೆ ಮಡಿಲಲ್ಲಿ ಕೂರಿಸಿಕೊಂಡು ಮೈಯೆಲ್ಲ ಸವರಿ. ಗಂಟು, ಗಾಯ, ಹಕ್ಕಳೆ ಬೆರಳಿಗೆ ಸಿಗುತ್ತವೆ. ತುಟಿ ಮೇಲೆತ್ತಿ ವಸಡು ನೋಡಿ. ತಿಳಿ ಗುಲಾಬಿ ಬಣ್ಣ ಇರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಬಣ್ಣ ತುಂಬಿಕೊಳ್ಳಬೇಕು. ಬಿಳಿಚಿದ್ದರೆ ರಕ್ತ ಕಡಿಮೆ, ಹಳದಿಯಾಗಿದ್ದರೆ ಕಾಮಾಲೆ, ಕಂದು ಅಥವಾ ನೀಲಿಗೆ ತಿರುಗಿದ್ದರೆ ಆಗಿಂದಾಗಲೇ ಓಡಬೇಕು. ಕರಿಬೆಕ್ಕಿನ ವಸಡಿನಲ್ಲಿ ಕಪ್ಪು ಮಚ್ಚೆ ಇರುವುದುಂಟು. ಅದು ಬರೀ ಬಣ್ಣ, ಹೆದರಬೇಡಿ.

ನಿದ್ದೆಯಲ್ಲಿದ್ದಾಗ ಪಕ್ಕೆಲುಬು ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸಿ. 30ರೊಳಗೆ ಇರಬೇಕು. ನಾಯಿ ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ಸಹಜ, ಬೆಕ್ಕು ಹಾಗೆ ಮಾಡಿದರೆ ತುರ್ತು. ಮೈ ಬಿಸಿ ಸಾಮಾನ್ಯವಾಗಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್, ಅಂದರೆ ನಮಗಿಂತ ಸ್ವಲ್ಪ ಹೆಚ್ಚು. ಹಾಗಾಗಿ ಕಿವಿ ಮುಟ್ಟಿ ಜ್ವರ ಅಳೆಯುವ ಅಭ್ಯಾಸವನ್ನು ನಂಬಬೇಡಿ.

ತೂಕ ತಿಂಗಳಿಗೊಮ್ಮೆ. ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿಗೆ ಬೆಕ್ಕಿನ ಬುಟ್ಟಿ ಸಿಕ್ಕಿಸಿ, ಆಮೇಲೆ ಬುಟ್ಟಿಯ ತೂಕ ಕಳೆಯಿರಿ. ನಮ್ಮ ನಾಡಬೆಕ್ಕುಗಳು ಸಾಮಾನ್ಯವಾಗಿ 3ರಿಂದ 5 ಕಿಲೋ. 4 ಕಿಲೋ ಇದ್ದದ್ದು 3.6ಕ್ಕೆ ಇಳಿದರೆ ಕಣ್ಣಿಗೆ ಕಾಣುವುದಿಲ್ಲ, ಕೂದಲು ಮುಚ್ಚಿಬಿಡುತ್ತದೆ. ಆದರೆ ಅದು 40 ಕಿಲೋ ತೂಗುವ ಮನುಷ್ಯ 36ಕ್ಕೆ ಇಳಿದಷ್ಟೇ ದೊಡ್ಡ ವಿಷಯ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ಡಾಕ್ಟರ ಮುಂದೆ ಆ ಪುಸ್ತಕಕ್ಕೆ ಬಹಳ ಬೆಲೆ ಇದೆ.

ಹೆಜ್ಜೆ 2: ಹಾಲು-ಅನ್ನದಿಂದ ಹೊರಗೆ ತನ್ನಿ

ನಮ್ಮೂರಲ್ಲಿ ಮಾಂಸ ಒಳಗೆ ಬಿಡದ ಮನೆಗಳು ಬಹಳ. ನಮ್ಮದೂ ಅಂಥದ್ದೇ. ಹಿಂದೆ ಬೆಕ್ಕಿಗೆ ಹಾಲು-ಅನ್ನ, ಮೊಸರನ್ನ ಹಾಕಿದರೂ ನಡೆಯುತ್ತಿತ್ತು. ಯಾಕೆಂದರೆ ಕಣಜದಲ್ಲಿ ಇಲಿ, ಹಿತ್ತಲಲ್ಲಿ ಹಲ್ಲಿ, ಗುಬ್ಬಿ ಹಿಡಿದು ತಿಂದು ಅದು ತನಗೆ ಬೇಕಾದದ್ದನ್ನು ತುಂಬಿಕೊಳ್ಳುತ್ತಿತ್ತು. ಈಗ ಎಂಸಿಸಿ ಬಿ ಬ್ಲಾಕಿನ ಎರಡನೇ ಮಹಡಿಯ ಮನೆಯಲ್ಲಿ ಬಾಗಿಲು ಹಾಕಿ ಸಾಕುವ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು?

ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಟಾರಿನ್ ಎಂಬ ಅಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಅದು ಸಿಗುವುದು ಪ್ರಾಣಿಜನ್ಯ ಆಹಾರದಲ್ಲಿ. ತಿಂಗಳುಗಟ್ಟಲೆ ಕೊರತೆಯಾದರೆ ಕಣ್ಣಿನ ಪರದೆ ಹಾಳಾಗುತ್ತದೆ, ಹೃದಯದ ಸ್ನಾಯು ತೆಳುವಾಗಿ ಸಡಿಲುಬೀಳುತ್ತದೆ. ಹೋದ ಕಣ್ಣು ಮತ್ತೆ ಬರುವುದಿಲ್ಲ. ಹಾಲಿನದು ಬೇರೆ ತೊಂದರೆ. ಮರಿಯ ವಯಸ್ಸು ದಾಟಿದ ಮೇಲೆ ಎಷ್ಟೋ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. "ಯಾಕೋ ನಮ್ಮ ಬೆಕ್ಕಿಗೆ ಯಾವಾಗಲೂ ಭೇದಿ" ಅನ್ನುವವರು ಒಂದು ವಾರ ಹಾಲು ನಿಲ್ಲಿಸಿ ನೋಡಲಿ.

ಮಾಂಸ ಮುಟ್ಟದ ಮನೆಯವರಿಗೆ ದಾರಿ ಇದೆ. ಒಣ ಕ್ಯಾಟ್ ಫುಡ್ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಅಡುಗೆಮನೆಗೆ ತರದೆ ವರಾಂಡದಲ್ಲೋ ಮಹಡಿ ಮೆಟ್ಟಿಲ ಕೆಳಗೋ ಇಡಿ. ತಟ್ಟೆ, ಚಮಚ ಬೇರೆ. ನಮ್ಮತ್ತೆಗೆ ಮೊದಮೊದಲು ಸರಿಬರಲಿಲ್ಲ. ಆಮೇಲೆ ಅವರೇ "ಅದರ ಹುಟ್ಟುಗುಣ ಅದು, ಅದಕ್ಯಾಕ ನಮ್ಮ ವ್ರತ" ಅಂದು ಒಪ್ಪಿಕೊಂಡರು. ಪೊಟ್ಟಣದ ಮೇಲೆ ಬೆಕ್ಕಿಗೆ ಪೂರ್ಣ ಆಹಾರ ಎಂದು ಬರೆದಿದೆಯೇ, ಮರಿಗೋ ದೊಡ್ಡದಕ್ಕೋ ನೋಡಿ ತನ್ನಿ. 4 ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 50ರಿಂದ 60 ಗ್ರಾಂ ಸಾಕು, ಎರಡು ಮೂರು ಹೊತ್ತಿಗೆ ಹಂಚಿ ಹಾಕಿ. ನಾಯಿಯ ಆಹಾರ ಬೇಡ, ಅದು ಬೆಕ್ಕಿನ ಲೆಕ್ಕಕ್ಕೆ ಮಾಡಿದ್ದಲ್ಲ.

ಮಾಂಸ ಬೇಯಿಸುವ ಮನೆಯವರು ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಕೋಳಿ, ಮುಳ್ಳು ತೆಗೆದ ಮೀನು ಜೊತೆಗೆ ಕೊಡಬಹುದು. ಬೆಂದ ಮೂಳೆ ಚೂರಾಗಿ ಗಂಟಲಿಗೆ ಚುಚ್ಚುತ್ತದೆ, ಹಾಕಬೇಡಿ. ಈರುಳ್ಳಿ-ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ. ಸಂಜೆ ಮಂಡಕ್ಕಿ-ಮಿರ್ಚಿ ತಿನ್ನುವಾಗ ಮಕ್ಕಳು ಪ್ರೀತಿಯಿಂದ ಒಂದು ತುತ್ತು ಬೆಕ್ಕಿಗೂ ಇಡುತ್ತಾರೆ, ಅದರಲ್ಲಿ ಹಸಿ ಈರುಳ್ಳಿ ಇರುತ್ತದೆ. ಮಕ್ಕಳಿಗೆ ಕಾರಣ ಹೇಳಿ, ಕೇಳುತ್ತಾರೆ.

ನೀರಿನ ಬಟ್ಟಲು ಊಟದ ತಟ್ಟೆಯಿಂದ ದೂರವಿರಲಿ, ಅಗಲವಾಗಿರಲಿ, ಮನೆಯಲ್ಲಿ ಎರಡು ಮೂರು ಕಡೆ ಇರಲಿ. ಒಣ ಆಹಾರ ತಿನ್ನುವ ಬೆಕ್ಕು ನೀರು ಕಡಿಮೆ ಕುಡಿದರೆ ಉಚ್ಚೆಯ ತೊಂದರೆಗೆ ದಾರಿಯಾಗುತ್ತದೆ. ಒಂದು ಹೊತ್ತಾದರೂ ಒಣ ಕಾಳಿಗೆ ಬೆಚ್ಚನೆ ನೀರು ಸುರಿದು ಮೆತ್ತಗೆ ಮಾಡಿ ಕೊಡಿ.

ಹೆಜ್ಜೆ 3: ಕಾಯಿಲೆ ಬರುವ ಮೊದಲೇ ಡಾಕ್ಟರನ್ನು ಹುಡುಕಿಟ್ಟುಕೊಳ್ಳಿ

ರಾತ್ರಿ ಹನ್ನೊಂದಕ್ಕೆ ಬೆಕ್ಕು ಒದ್ದಾಡುವಾಗ ಫೋನ್ ಹಿಡಿದು ಡಾಕ್ಟರನ್ನು ಹುಡುಕುವ ಪಾಡು ಯಾರಿಗೂ ಬೇಡ. ಹುಷಾರಾಗಿರುವಾಗಲೇ ಒಮ್ಮೆ ಹೋಗಿ ಪರಿಚಯ ಮಾಡಿಕೊಂಡು ಬನ್ನಿ. ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಸರ್ಕಾರಿ ಪಶು ಆಸ್ಪತ್ರೆಗಳು ಜಿಲ್ಲಾ ಕೇಂದ್ರದಲ್ಲೂ ತಾಲ್ಲೂಕುಗಳಲ್ಲೂ ಇವೆ. ಅಲ್ಲಿ ಹೆಚ್ಚಾಗಿ ಬರುವುದು ಎಮ್ಮೆ, ದನ, ಕುರಿ, ನಾಯಿ. ಬೆಕ್ಕು ತಂದವರು ಸಂಕೋಚದಿಂದ ಮೂಲೆಯಲ್ಲಿ ನಿಲ್ಲುವುದನ್ನು ಕಂಡಿದ್ದೇನೆ. ಸಂಕೋಚ ಬೇಡ. ಪಶುವೈದ್ಯರಾಗಲು ಓದುವ ಬಿ.ವಿ.ಎಸ್ಸಿ. ಪದವಿಯಲ್ಲಿ ಬೆಕ್ಕಿನ ಚಿಕಿತ್ಸೆಯೂ ಸೇರಿದೆ, ನೋಡಿ ಎಂದು ಕೇಳುವುದು ನಿಮ್ಮ ಹಕ್ಕು. ಬೆಳಗಿನ ಹೊತ್ತೇ ಹೋಗಿ ಚೀಟಿ ಮಾಡಿಸಿ.

ನಾಯಿ-ಬೆಕ್ಕುಗಳನ್ನೇ ನೋಡುವ ಖಾಸಗಿ ಕ್ಲಿನಿಕ್‌ಗೆ ಹೋಗುವುದಾದರೆ ಮೊದಲು ಫೋನ್ ಮಾಡಿ ಇಷ್ಟು ಕೇಳಿ: ಬೆಕ್ಕಿಗೆ ಅರಿವಳಿಕೆ ಕೊಟ್ಟು ಆಪರೇಷನ್ ಮಾಡುತ್ತೀರಾ? ರಕ್ತ ಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್ ಇಲ್ಲೇ ಇದೆಯಾ? ಗಂಡು ಬೆಕ್ಕಿಗೆ ಉಚ್ಚೆ ಕಟ್ಟಿದರೆ ನಳಿಕೆ ಹಾಕುತ್ತೀರಾ? ಭಾನುವಾರ ಮತ್ತು ರಾತ್ರಿ ಯಾರಿಗೆ ಕರೆ ಮಾಡಬೇಕು? ಕೊನೆಯ ಎರಡು ಪ್ರಶ್ನೆಗೆ ಸಿಕ್ಕ ಉತ್ತರವನ್ನು ಫ್ರಿಜ್ ಬಾಗಿಲ ಮೇಲೆ ಅಂಟಿಸಿ.

ಇಲ್ಲಿ ಆಗದ ಕೆಲಸಕ್ಕೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ ಇದೆ, ಹೊನ್ನಾಳಿ ಮೇಲೆ ಹೋದರೆ ಸುಮಾರು 75 ಕಿ.ಮೀ. ಮುರಿದ ಮೂಳೆ, ಕಷ್ಟದ ಆಪರೇಷನ್ ಇದ್ದರೆ ಡಾಕ್ಟರಿಂದ ಚೀಟಿ ಬರೆಸಿಕೊಂಡು ಹೋಗಿ. ಅದಕ್ಕೂ ಮೀರಿದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು. 1962ಕ್ಕೆ ಕರೆ ಮಾಡಿದರೆ ಬರುವ ಪಶು ಸಂಜೀವಿನಿ ವಾಹನ ಮುಖ್ಯವಾಗಿ ರೈತರ ದನಕರುಗಳಿಗೆ. ಬೆಕ್ಕಿನ ತುರ್ತಿಗೆ ಅದನ್ನೇ ನೆಚ್ಚಿ ಕೂರುವುದಕ್ಕಿಂತ ಆಟೋ ಹಿಡಿಯುವುದು ಲೇಸು.

ಔಷಧಿ ಅಂಗಡಿಯವರು ಎಷ್ಟೇ ಪರಿಚಯದವರಾಗಿರಲಿ, ಕೌಂಟರ್ ಮುಂದೆ ನಿಂತು ಲಕ್ಷಣ ಹೇಳಿ ಬೆಕ್ಕಿಗೆ ಮಾತ್ರೆ ತರಬೇಡಿ.

ಹೆಜ್ಜೆ 4: ಲಸಿಕೆ ಮತ್ತು ಜಂತಿನ ಔಷಧಿ

ಮರಿಗೆ 8 ವಾರ ತುಂಬಿದಾಗ ಮೊದಲ ಲಸಿಕೆ. ಒಂದೇ ಚುಚ್ಚುಮದ್ದಿನಲ್ಲಿ ಮೂರು ರೋಗಕ್ಕೆ ರಕ್ಷಣೆ ಇರುತ್ತದೆ: ಪ್ಯಾನ್‌ಲ್ಯುಕೋಪೀನಿಯ, ಮತ್ತು ಬೆಕ್ಕಿಗೆ ನೆಗಡಿ, ಬಾಯಿಹುಣ್ಣು, ಕಣ್ಣುರಿ ತರುವ ಹರ್ಪಿಸ್, ಕ್ಯಾಲಿಸಿ ವೈರಸ್‌ಗಳು. ಮೂರು-ನಾಲ್ಕು ವಾರಕ್ಕೊಮ್ಮೆಯಂತೆ 16 ವಾರದವರೆಗೆ ಮತ್ತೆ ಹಾಕಿಸಬೇಕು. ತಾಯಿಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವತನಕ ಲಸಿಕೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದು ಯಾವಾಗ ಕರಗುತ್ತದೆ ಎಂಬುದು ಮರಿಯಿಂದ ಮರಿಗೆ ಬೇರೆ. ಆದ್ದರಿಂದ "ಒಂದು ಹಾಕಿಸಿದ್ದೀವಲ್ಲ" ಎಂದು ಕೈಬಿಡಬೇಡಿ. 12 ವಾರದ ನಂತರ ರೇಬಿಸ್ ಲಸಿಕೆ. ಒಂದು ವರ್ಷಕ್ಕೆ ಎರಡನ್ನೂ ಮತ್ತೆ ಹಾಕಿಸಿ, ಮುಂದಿನದನ್ನು ಡಾಕ್ಟರು ಕಾರ್ಡಿನಲ್ಲಿ ಬರೆದುಕೊಡುತ್ತಾರೆ.

ಪ್ಯಾನ್‌ಲ್ಯುಕೋಪೀನಿಯ ಅನ್ನುವ ಉದ್ದನೆ ಹೆಸರು ನೆನಪಿರದಿದ್ದರೆ ಬೆಕ್ಕಿನ ಪಾರ್ವೊ ಎಂದು ನೆನಪಿಡಿ. ವಾಂತಿ, ಭೇದಿ, ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕೂತರೂ ಕುಡಿಯಲಾರದ ಸ್ಥಿತಿ. ಲಸಿಕೆ ಇಲ್ಲದ ಮರಿ ಎರಡು ಮೂರು ದಿನದಲ್ಲಿ ಹೋಗಿಬಿಡುತ್ತದೆ. ಒಂದು ಮರಿ ಹೀಗೆ ಸತ್ತ ಮನೆಗೆ ಕೂಡಲೇ ಇನ್ನೊಂದು ಮರಿ ತರಬೇಡಿ, ಆ ವೈರಸ್ ನೆಲದಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಫಿನಾಯಿಲ್‌ಗೆ ಅದು ಸಾಯುವುದಿಲ್ಲ. ದ್ರವ ಬ್ಲೀಚನ್ನು ಸುಮಾರು 30 ಪಾಲು ನೀರಿಗೆ ಬೆರೆಸಿ ಹತ್ತು ನಿಮಿಷ ನೆನೆಬಿಟ್ಟು ತೊಳೆಯಬೇಕು. ಹಾಸಿಗೆ, ಬುಟ್ಟಿ ಸುಟ್ಟುಬಿಡುವುದೇ ಮೇಲು. ಹೊಸದಾಗಿ ತರುವ ಬೆಕ್ಕಿಗೆ ಲಸಿಕೆ ಮುಗಿದಿರಲಿ.

ಲಸಿಕೆಯ ದಿನ ಬೆಕ್ಕು ಮಂಕಾಗಿ ಮಲಗುವುದು ಸಹಜ. ಮುಖ ಊದಿದರೆ, ಮತ್ತೆ ಮತ್ತೆ ವಾಂತಿಯಾದರೆ ತಡಮಾಡದೆ ಅದೇ ಡಾಕ್ಟರ ಬಳಿಗೆ ವಾಪಸ್.

ಜಂತಿನ ಔಷಧಿ ಮರಿಗೆ ಎರಡು ವಾರಕ್ಕೊಮ್ಮೆ ಶುರುಮಾಡಿ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ದೊಡ್ಡದಾದ ಮೇಲೆ ಮೂರು ತಿಂಗಳಿಗೊಮ್ಮೆ. ಪ್ರಮಾಣ ತೂಕದ ಮೇಲೆ, ಅದನ್ನು ಡಾಕ್ಟರೇ ಹೇಳಬೇಕು. ಬಾಲದ ಬುಡದಲ್ಲಿ ಅಕ್ಕಿಕಾಳಿನಂಥದ್ದು ಅಂಟಿಕೊಂಡು ಕಂಡರೆ ಅದು ಲಾಡಿಹುಳುವಿನ ತುಂಡು. ಚಿಗಟ ನುಂಗಿದಾಗ ಬರುತ್ತದೆ, ಆದ್ದರಿಂದ ಚಿಗಟ ಓಡಿಸದೆ ಹುಳ ಮಾತ್ರ ಬೀಳಿಸಿದರೆ ತಿಂಗಳಲ್ಲಿ ಮತ್ತೆ ಹಾಜರು.

ಚಿಗಟದ ಔಷಧಿ ವಿಚಾರದಲ್ಲಿ ಒಂದು ಮಾತು ಮನೆಮಂದಿಗೆಲ್ಲ ಗೊತ್ತಿರಲಿ. ನಾಯಿಯ ಕತ್ತಿಗೆ ಹಾಕುವ ಹನಿ ಔಷಧಿ, ನಾಯಿಯ ಪೌಡರ್, ಉಣ್ಣೆಗೆ ದನದ ಮೈಮೇಲೆ ಸಿಂಪಡಿಸುವ ದ್ರಾವಣ ಯಾವುದೂ ಬೆಕ್ಕಿಗಲ್ಲ. ಪರ್ಮೆಥ್ರಿನ್ ಇರುವ ಹನಿ ಬಿದ್ದರೆ ಬೆಕ್ಕು ಕೆಲವೇ ಗಂಟೆಯಲ್ಲಿ ನಡುಗಿ, ಸೆಟೆದು ಬೀಳುತ್ತದೆ. ಕಜ್ಜಿಗೆ ಸೀಮೆಎಣ್ಣೆ, ಸುಟ್ಟ ಎಂಜಿನ್ ಆಯಿಲ್ ಹಚ್ಚುವವರು ಇನ್ನೂ ಇದ್ದಾರೆ. ಬೆಕ್ಕು ಮೈ ನೆಕ್ಕಿಕೊಳ್ಳುವ ಪ್ರಾಣಿ, ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ಕಿವಿಯಲ್ಲಿ ಕಾಫಿಪುಡಿಯಂಥ ಕಸ ಕಂಡರೆ ಅದು ಕಿವಿಯ ಹುಳ. ಕಡ್ಡಿ ಹಾಕದೆ ಡಾಕ್ಟರಿಗೆ ತೋರಿಸಿ. ದುಂಡಗೆ ಕೂದಲು ಉದುರಿದ ಮಚ್ಚೆ ಹುಳುಕಡ್ಡಿ ಇರಬಹುದು. ಅದು ಮನೆಯ ಮಕ್ಕಳಿಗೂ ಅಂಟುತ್ತದೆ, ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು.

ಹೆಜ್ಜೆ 5: ಸಂತಾನಹರಣ ಆಪರೇಷನ್

ಐದಾರು ತಿಂಗಳಿಗೆ ಮಾಡಿಸಿಬಿಡಿ. ಹೆಣ್ಣು ಬೆಕ್ಕು ಆ ವಯಸ್ಸಿಗೇ ಬೆದೆಗೆ ಬರಬಹುದು. ಗಬ್ಬ ಸುಮಾರು 63ರಿಂದ 65 ದಿನ, ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲದು. "ಒಂದು ಸಲ ಮರಿ ಹಾಕಲಿ, ಆಮೇಲೆ ಮಾಡಿಸೋಣ" ಅನ್ನುವುದರಲ್ಲಿ ಬೆಕ್ಕಿಗೆ ಯಾವ ಲಾಭವೂ ಇಲ್ಲ. ಬೇಗ ಮಾಡಿಸಿದರೆ ಕೆಚ್ಚಲು ಗಡ್ಡೆಯ ಅಪಾಯ ಬಹಳಷ್ಟು ಇಳಿಯುತ್ತದೆ, ಗರ್ಭಕೋಶದಲ್ಲಿ ಕೀವು ತುಂಬುವ ಭಯ ಹೋಗುತ್ತದೆ. ಗಂಡಿಗೆ ಬೀಜ ತೆಗೆಸಿದರೆ ಗೋಡೆಗೆ ಉಚ್ಚೆ ಹಾರಿಸುವುದು, ಓಣಿಯ ಗಡವ ಬೆಕ್ಕುಗಳ ಜೊತೆ ಕಚ್ಚಾಡಿ ಕೀವುಗಟ್ಟಿದ ತಲೆ ಹೊತ್ತು ಬರುವುದು ಕಡಿಮೆಯಾಗುತ್ತದೆ. ಬೆದೆ ತಡೆಯುವ ಚುಚ್ಚುಮದ್ದು, ಮಾತ್ರೆಗೆ ಮಾತ್ರ ಒಪ್ಪಬೇಡಿ. ಗರ್ಭಕೋಶದ ಕೀವು, ಕೆಚ್ಚಲು ಗಡ್ಡೆ ಎರಡಕ್ಕೂ ಅವು ದಾರಿ ಮಾಡಿಕೊಡುತ್ತವೆ.

ಆಪರೇಷನ್‌ಗೆ ಮೊದಲು ಎಷ್ಟು ಗಂಟೆ ಉಪವಾಸ ಎಂದು ಕೇಳಿಕೊಳ್ಳಿ, ಸಣ್ಣ ಮರಿಗೆ ದೊಡ್ಡದಕ್ಕಿಂತ ಕಡಿಮೆ. ಮನೆಗೆ ತಂದ ರಾತ್ರಿ ನೆಲದ ಮೇಲೇ, ಬೆಚ್ಚಗೆ, ಮಂದ ಬೆಳಕಿನ ಕೋಣೆಯಲ್ಲಿ ಮಲಗಿಸಿ. ಅಮಲು ಇಳಿಯುವ ಮುಂಚೆ ಕಪಾಟು ಹತ್ತಲು ಹೋಗಿ ಬೀಳುತ್ತದೆ. ಹೊಲಿಗೆ ನೆಕ್ಕದಂತೆ ಕತ್ತಿನ ಕಾಲರ್ ಹತ್ತು ದಿನ ತೆಗೆಯಬೇಡಿ, ಎಷ್ಟೇ ಪಾಪ ಅನ್ನಿಸಿದರೂ.

ಹೆಜ್ಜೆ 6: ಮನೆಯೊಳಗಿನ ವಿಷಗಳನ್ನು ಎತ್ತಿಡಿ

ಮೊದಲನೆಯದು ಪ್ಯಾರಾಸಿಟಮಾಲ್. ಬೆಕ್ಕಿನ ಮೈ ಬಿಸಿಯಾಗಿದೆ ಎಂದು ಅರ್ಧ ಮಾತ್ರೆ ಪುಡಿ ಮಾಡಿ, ಇಲ್ಲವೇ ಮಗುವಿನ ಸಿರಪ್ ಎರಡು ಹನಿ ಹಾಕುವವರು ಕೇಡು ಬಯಸಿ ಹಾಕುವುದಿಲ್ಲ. ಆದರೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. 500 ಮಿಲಿಗ್ರಾಂನ ಒಂದು ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಲ್ಲದು. ವಸಡು ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ, ಮುಖ, ಪಾದ ಊದುತ್ತವೆ, ಉಸಿರು ಕಟ್ಟುತ್ತದೆ. ಕೊಟ್ಟಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಬೇಗ ಹೋದರೆ ಮದ್ದು ಇದೆ. ಐಬುಪ್ರೊಫೆನ್, ಡೈಕ್ಲೊಫಿನಾಕ್ ಕೂಡ ಕೊಡುವಂತಿಲ್ಲ.

ನೆಲ ಒರೆಸುವ ಫಿನಾಯಿಲ್ ಎರಡನೆಯದು. ಒದ್ದೆ ನೆಲದಲ್ಲಿ ನಡೆದ ಬೆಕ್ಕು ಪಾದ ನೆಕ್ಕಿಕೊಳ್ಳುತ್ತದೆ, ಬಾಯಲ್ಲಿ ಹುಣ್ಣಾಗುತ್ತದೆ. ಸೋಪಿನ ನೀರಲ್ಲಿ ಒರೆಸಿ, ಒಣಗಿದ ಮೇಲೆ ಒಳಗೆ ಬಿಡಿ. ಕರ್ಪೂರ, ಡಾಂಬರು ಗುಳಿಗೆ, ನೀಲಗಿರಿ ಎಣ್ಣೆ, ತಲೆನೋವಿನ ಮುಲಾಮು, ದೇವರಿಗೆಂದು ತಂದ ಕಣಗಿಲೆ ಹೂ, ಹೂಗುಚ್ಛದ ಲಿಲ್ಲಿ ಎಲ್ಲವೂ ಅದೇ ಸಾಲಿಗೆ. ಲಿಲ್ಲಿಯ ಪರಾಗ ಮೈಗಂಟಿ ನೆಕ್ಕಿಕೊಂಡರೂ ಕಿಡ್ನಿ ಹೋಗುತ್ತದೆ.

ಮೆಕ್ಕೆಜೋಳ ಮನೆಗೆ ಬರುವ ಕಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಇಲಿ ಪಾಷಾಣ ಇಡದ ಮನೆ, ಗೋದಾಮು ಕಡಿಮೆ. ಕಪ್ಪು ಪುಡಿಯಾಗಿ ಬರುವ ಜಿಂಕ್ ಫಾಸ್ಫೈಡ್ ಗಂಟೆಗಳಲ್ಲಿ ಕೆಲಸ ಮಾಡುತ್ತದೆ: ವಾಂತಿ, ಏದುಸಿರು, ಸೆಟೆತ. ವಾಂತಿಯಿಂದ ಬರುವ ಗಾಳಿ ನಿಮಗೂ ವಿಷ, ಆಟೋದ ಬದಿ ಪರದೆ ಎತ್ತಿಡಿ. ಬಿಸ್ಕತ್ತಿನಂತಿರುವ ಬ್ರೊಮಾಡಿಯೊಲೋನ್ ಹಾಗಲ್ಲ. ತಿಂದ ದಿನ, ಮಾರನೇ ದಿನ ಬೆಕ್ಕು ಆಡಿಕೊಂಡಿರುತ್ತದೆ. ಮೂರರಿಂದ ಐದು ದಿನಕ್ಕೆ ರಕ್ತ ಹೆಪ್ಪುಗಟ್ಟುವುದು ನಿಂತು ವಸಡಲ್ಲಿ, ಮಲದಲ್ಲಿ, ಎದೆಗೂಡಿನೊಳಗೆ ರಕ್ತ ಸೋರುತ್ತದೆ. ಅದಕ್ಕೆ ವಿಟಮಿನ್ ಕೆ1 ಮದ್ದು, ಮೂರು ನಾಲ್ಕು ವಾರ ಕೊಡಬೇಕಾಗುತ್ತದೆ. ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೂ ಅಪಾಯವೇ. ತಿಂದ ಅನುಮಾನ ಬಂದರೆ ಲಕ್ಷಣಕ್ಕೆ ಕಾಯಬೇಡಿ, ಪಾಷಾಣದ ಪೊಟ್ಟಣವನ್ನೇ ಜೊತೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನ ಬೇಡ. ಅಕ್ಕಪಕ್ಕದವರು ಪಾಷಾಣ ಇಡುವ ದಿನ ಒಂದು ಮಾತು ಹೇಳಿ ಎಂದು ಕೇಳಿಕೊಳ್ಳಿ, ಆ ವಾರ ಬೆಕ್ಕನ್ನು ಒಳಗೇ ಇಡಬಹುದು.

ಹೂ ಕಟ್ಟುವ ದಾರವನ್ನೂ ಮರೆಯಬೇಡಿ. ಮಲ್ಲಿಗೆ, ಕನಕಾಂಬರ ಕಟ್ಟಿ ಉಳಿದ ದಾರ ಬೆಕ್ಕಿಗೆ ಆಟದ ಸಾಮಾನು. ನುಂಗಿದರೆ ಒಂದು ತುದಿ ನಾಲಿಗೆ ಬುಡಕ್ಕೆ ಸಿಕ್ಕಿ ಕರುಳು ನೆರಿಗೆಯಾಗಿ ಹರಿಯುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರ ನೇತಾಡುವುದು ಕಂಡರೆ ಎಳೆಯಬೇಡಿ, ಕತ್ತರಿಸಲೂ ಬೇಡಿ, ಹಾಗೇ ಕರೆದೊಯ್ಯಿರಿ.

ಹೆಜ್ಜೆ 7: ಯಾವಾಗ ಓಡಬೇಕು, ಯಾವಾಗ ಕಾಯಬಹುದು

ಟ್ರೇಗೆ ಹೋಗಿ ಬರುತ್ತಿದೆ, ಉಚ್ಚೆ ಬರುತ್ತಿಲ್ಲ ಅಥವಾ ಹನಿ ಹನಿ, ಕೆಂಪಾಗಿ ಬರುತ್ತಿದೆ, ಗುಪ್ತಾಂಗ ನೆಕ್ಕಿಕೊಳ್ಳುತ್ತಲೇ ಇದೆ, ಕೂಗುತ್ತಿದೆ. ಗಂಡು ಬೆಕ್ಕಿನಲ್ಲಿ ಇದು ಕಂಡ ಗಂಟೆಯಲ್ಲೇ ಹೊರಡಿ. ಗಂಡಿನ ಮೂತ್ರನಾಳ ಬಹಳ ಕಿರಿದು. ಹರಳೋ ಲೋಳೆಯೋ ಅಡ್ಡ ಕೂತರೆ ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಹೊಟ್ಟೆ ಅಮುಕಿ ಉಚ್ಚೆ ಮಾಡಿಸಲು ಹೋಗಬೇಡಿ, ಚೀಲ ಒಡೆಯಬಹುದು. ಮಲವೋ ಉಚ್ಚೆಯೋ ಎಂದು ತಿಳಿಯದಿದ್ದರೆ ಉಚ್ಚೆ ಎಂದೇ ತಿಳಿದು ಹೊರಡಿ.

ಬಾಯಿ ತೆರೆದು ಉಸಿರಾಡುವುದು, ಸೆಟೆತ, ಮಹಡಿಯಿಂದ ಬಿದ್ದದ್ದು, ಗಾಡಿ ಬಡಿದದ್ದು, ನಾಯಿ ಕಚ್ಚಿದ್ದು, ಇದ್ದಕ್ಕಿದ್ದಂತೆ ಹಿಂಗಾಲು ಬಿದ್ದುಹೋಗಿ ಚೀರುವುದು ಇವಕ್ಕೂ ಕಾಯುವ ಮಾತಿಲ್ಲ. ನಾಯಿ ಕಚ್ಚಿದಾಗ ಮೇಲೆ ಎರಡು ತೂತು ಮಾತ್ರ ಕಂಡು ಒಳಗೆ ಹರಿದುಹೋಗಿರುತ್ತದೆ. ಮಾರ್ಚ್‌ನಿಂದ ಮೇವರೆಗೆ ತಗಡಿನ ಮನೆ, ಮುಚ್ಚಿದ ಕಾರು ಬೆಕ್ಕಿಗೆ ಕುಲುಮೆ ಇದ್ದಹಾಗೆ. ಬಿಸಿಲು ಬಡಿದು ಜೊಲ್ಲು ಸುರಿಸಿ ತೂರಾಡಿದರೆ ತಣ್ಣೀರಲ್ಲಿ ಮೈ ಒದ್ದೆ ಮಾಡಿ, ಫ್ಯಾನ್ ಹಾಕಿ, ಮಂಜುಗಡ್ಡೆ ಹಾಕದೆ, ಹಾಗೇ ಹೊರಡಿ.

24 ಗಂಟೆ ಏನೂ ತಿನ್ನದಿದ್ದರೆ ಆ ದಿನವೇ ತೋರಿಸಿ. ದಪ್ಪನೆಯ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ಅದೇ ಒಂದು ರೋಗವಾಗುತ್ತದೆ. ಮರಿಗಾದರೆ ಅರ್ಧ ದಿನವೇ ಹೆಚ್ಚು. ಕೂದಲುಂಡೆ ಕಕ್ಕಿ ಆಮೇಲೆ ಎಂದಿನಂತೆ ತಿಂದು ಆಡಿದರೆ ಮಾತ್ರ ಸುಮ್ಮನಿರಿ.

ಬೆಕ್ಕು ನಿಮ್ಮನ್ನೇ ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಹೋಗಿ ರೇಬಿಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಅರಿಸಿನ, ಸುಣ್ಣ ಮೆತ್ತಬೇಡಿ. ಮನೆಯಲ್ಲಿ ಬಸುರಿ ಇದ್ದರೆ ಬೆಕ್ಕನ್ನು ಬಿಟ್ಟುಬರಬೇಕಿಲ್ಲ. ಟ್ರೇಯನ್ನು ಬೇರೆಯವರು ದಿನಾ ತೆಗೆಯಲಿ, ಹೊಟ್ಟೆಯ ಮಗುವಿಗೆ ಕೇಡು ಮಾಡಬಲ್ಲ ಟಾಕ್ಸೊಪ್ಲಾಸ್ಮಾ ರೋಗಾಣು ಬೆಕ್ಕಿನ ಮಲದಲ್ಲಿ ಬಲಿಯಲು ಒಂದರಿಂದ ಐದು ದಿನ ಬೇಕು. ಬೆಕ್ಕಿಗೆ ಹಸಿ ಮಾಂಸ ಬೇಡ.

ಹೆಜ್ಜೆ 8: ಕರೆದೊಯ್ಯುವ ಬಗೆ

ಗೋಣಿಚೀಲದಲ್ಲಿ ಕಟ್ಟಿ ಬೈಕಿಗೆ ನೇತುಹಾಕಿಕೊಂಡು ಬಂದ ಬೆಕ್ಕನ್ನು ಒಮ್ಮೆ ಕಂಡೆ. ಚೀಲ ಬಿಚ್ಚುವಷ್ಟರಲ್ಲಿ ಅದಕ್ಕೆ ಉಸಿರೇ ಸಾಲುತ್ತಿರಲಿಲ್ಲ. ಗಾಳಿಯಾಡುವ, ಮೇಲಿನಿಂದ ತೆರೆಯುವ ಬುಟ್ಟಿ ಅಥವಾ ಪ್ಲಾಸ್ಟಿಕ್ ಪೆಟ್ಟಿಗೆ ಬೇಕು. ತರಕಾರಿ ಕ್ರೇಟ್ ಎರಡನ್ನು ಬಾಯಿಗೆ ಬಾಯಿ ಕೂಡಿಸಿ ಹಗ್ಗ ಬಿಗಿದರೂ ನಡೆಯುತ್ತದೆ. ಒಯ್ಯುವ ದಿನ ಮಾತ್ರ ಅಟ್ಟದಿಂದ ಇಳಿಸಬೇಡಿ. ವರ್ಷವಿಡೀ ಕೋಣೆಯ ಮೂಲೆಯಲ್ಲಿ ಬಾಗಿಲು ತೆರೆದಿಟ್ಟು, ಒಳಗೆ ನಿಮ್ಮ ಹಳೇ ಸೀರೆ ತುಂಡು ಹಾಸಿ, ಆಗಾಗ ಅದರಲ್ಲೇ ಊಟ ಇಡಿ. ಆಗ ಅದು ತಾನಾಗೇ ಒಳಗೆ ಹೋಗಿ ಮಲಗುತ್ತದೆ, ಹೊರಡುವಾಗ ಮನೆಯೆಲ್ಲ ಅಟ್ಟಾಡಿಸುವ ಕಷ್ಟ ತಪ್ಪುತ್ತದೆ.

ಪೆಟ್ಟಿಗೆಗೆ ತೆಳು ಟವೆಲ್ ಹೊದಿಸಿ. ಆಸ್ಪತ್ರೆಯಲ್ಲಿ ನೆಲದ ಮೇಲಿಡದೆ ಮಡಿಲಲ್ಲೋ ಬೆಂಚಿನ ಮೇಲೋ ಇಟ್ಟುಕೊಳ್ಳಿ, ನಾಯಿಗಳಿಗೆ ಬೆನ್ನು ಮಾಡಿ ಕೂರಿ. ನೋಟ್‌ಬುಕ್, ಲಸಿಕೆ ಕಾರ್ಡ್, ವಾಂತಿಯ ಫೋಟೊ, ಕೆಮ್ಮುವ ಅಥವಾ ತಿಣುಕುವ ವಿಡಿಯೊ ಜೊತೆಗಿರಲಿ. ಮನೆಯಲ್ಲಿ ಕುಂಟುತ್ತಿದ್ದ ಬೆಕ್ಕು ಡಾಕ್ಟರ ಮೇಜಿನ ಮೇಲೆ ನೆಟ್ಟಗೆ ನಿಲ್ಲುತ್ತದೆ. ಹೊರಡುವ ಮುನ್ನ ರೋಗದ ಹೆಸರು, ಔಷಧಿ ಎಷ್ಟು ದಿನ, ಯಾವುದು ಕಂಡರೆ ಮತ್ತೆ ಬರಬೇಕು ಎಂಬುದನ್ನು ಕೇಳಿ ಬರೆದುಕೊಳ್ಳಿ. ಖರ್ಚಿಗೆ ಮಿತಿ ಇದ್ದರೆ ಮೊದಲೇ ಹೇಳಿಬಿಡಿ, ಅದರೊಳಗೆ ಏನು ಮಾಡಬಹುದೆಂದು ಅವರು ಹೇಳುತ್ತಾರೆ.

ಹೆಜ್ಜೆ 9: ಮನೆಯಲ್ಲಿ ಔಷಧಿ ಕೊಡುವುದು

ಬೆಕ್ಕನ್ನು ದಪ್ಪ ಟವೆಲಿನಲ್ಲಿ ತಲೆ ಮಾತ್ರ ಹೊರಗಿರುವಂತೆ ಸುತ್ತಿ, ನಿಮ್ಮ ಹೊಟ್ಟೆಗೆ ಅದರ ಬೆನ್ನು ಬರುವ ಹಾಗೆ ಕೂರಿಸಿಕೊಳ್ಳಿ. ಎಡಗೈಯ ಹೆಬ್ಬೆರಳು, ತೋರುಬೆರಳು ಮೇಲ್ದವಡೆಯ ಎರಡೂ ಬದಿಗೆ, ಮೂಗು ಮೇಲೆ. ಬಲಗೈಯ ನಡುಬೆರಳಿಂದ ಕೆಳಗಿನ ಮುಂಹಲ್ಲು ಒತ್ತಿದರೆ ಬಾಯಿ ತೆರೆಯುತ್ತದೆ. ಮಾತ್ರೆಯನ್ನು ನಾಲಿಗೆಯ ಹಿಂಭಾಗಕ್ಕೆ, ನಟ್ಟನಡುವೆ ಬಿಡಿ. ಪಕ್ಕಕ್ಕೆ ಬಿದ್ದರೆ ಉಗುಳುತ್ತದೆ. ಬಾಯಿ ಮುಚ್ಚಿ ಗಂಟಲು ಸವರಿ. ಮೂಗಿನ ತುದಿ ನೆಕ್ಕಿಕೊಂಡರೆ ನುಂಗಿತು ಎಂದರ್ಥ.

ಮಾತ್ರೆಯ ಹಿಂದೆಯೇ ಸೂಜಿಯಿಲ್ಲದ ಸಿರಿಂಜಿನಲ್ಲಿ 5 ಮಿಲಿ ನೀರು ಕುಡಿಸಲೇಬೇಕು. ಬೆಕ್ಕಿನ ಅನ್ನನಾಳದಲ್ಲಿ ಒಣ ಮಾತ್ರೆ ನಿಂತುಬಿಡುತ್ತದೆ, ಡಾಕ್ಸಿಸೈಕ್ಲಿನ್‌ನಂಥದ್ದು ಅಲ್ಲೇ ಸುಟ್ಟು ಹುಣ್ಣು ಮಾಡುತ್ತದೆ. ನೀರಾಗಲಿ ಸಿರಪ್ ಆಗಲಿ ತುಟಿಯ ಪಕ್ಕದ ಸಂದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿ, ತಲೆ ಹಿಂದಕ್ಕೆ ಬಾಗಿಸಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಸಿಗದೆ ಊಟ ಬೇಡವಾಗುತ್ತದೆ. ಒದ್ದೆ ಹತ್ತಿಯಲ್ಲಿ ಮೂಗು, ಕಣ್ಣು ಒರೆಸಿ, ಊಟವನ್ನು ಮೈಬಿಸಿಯಷ್ಟು ಬೆಚ್ಚಗೆ ಮಾಡಿ ಬೆರಳ ತುದಿಯಲ್ಲಿ ಸ್ವಲ್ಪ ತುಟಿಗೆ ಹಚ್ಚಿ. ಎರಡನೇ ದಿನಕ್ಕೆ ಚುರುಕಾಯಿತು ಎಂದು ಆಂಟಿಬಯಾಟಿಕ್ ನಿಲ್ಲಿಸಬೇಡಿ, ಬರೆದಷ್ಟು ದಿನ ಮುಗಿಸಿ. ದಿನಾ ತೂಕ ಬರೆಯಿರಿ. ಔಷಧಿ ಶುರುವಾಗಿ ಒಂದು ದಿನ ಕಳೆದರೂ ತಟ್ಟೆ ಹಾಗೇ ಉಳಿದಿದ್ದರೆ, ಮುಂದಿನ ತಾರೀಖು ಬರಲಿ ಎಂದು ಕಾಯದೆ ಅದೇ ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ.